ನಿಂಟೆಂಡೊ ಸ್ವಿಚ್: ಹಳೆಯದಾ, ಓಎಲ್‌ಇಡಿನಾ, ಸ್ವಿಚ್ 2 ಆ? ಮೈಸೂರಲ್ಲಿ ಬಳಸೋಕೆ ಯಾವುದು ತಗೊಳ್ಳೋದು

ಕುವೆಂಪುನಗರ_ಎಂ_ಬ್ಲಾಕ್:

ಮನೆಗೆ ಒಂದು ನಿಂಟೆಂಡೊ ಸ್ವಿಚ್ ಗೇಮ್ ಯಂತ್ರ ತಗೋಬೇಕು. ಆಡೋರು ಇಬ್ಬರು, ವಯಸ್ಸು 12 ಮತ್ತು 8. ವಾರದ ದಿನ ಕೈಯಲ್ಲಿ ಹಿಡಿದು ಆಡೋದು, ಭಾನುವಾರ ಟಿವಿಗೆ ಹಾಕೋದು, ಬೆಂಗಳೂರಿಗೆ ರೈಲಲ್ಲಿ ಹೋಗುವಾಗ ಜೊತೆಗೆ ಒಯ್ಯೋದು. ಎದುರಿಗಿರೋ ದಾರಿ ಮೂರು.

ಒಂದು, ಊರಲ್ಲೇ ಸೆಕೆಂಡ್ ಹ್ಯಾಂಡ್ ಸಿಗ್ತಿರೋ ಮೊದಲಿನ ಮಾಡೆಲ್. ಮಾರೋರು "ವಿ1, ವಿ2 ಎಲ್ಲಾ ಒಂದೇ ಸರ್" ಅಂತಾರೆ. ಎರಡು, ಓಎಲ್‌ಇಡಿ ಪರದೆಯ ಮಾಡೆಲ್. ಮೂರು, ನಮ್ಮ ಭಾವ ದಸರಾ ಹೊತ್ತಿಗೆ ಜಪಾನಿಂದ ಬರ್ತಿದ್ದಾರೆ, ಅಲ್ಲಿ ಸ್ವಿಚ್ 2 ಬೇರೆ ದೇಶಗಳಿಗಿಂತ ತುಂಬಾ ಅಗ್ಗ. ನನಗೇನೋ ಮೂರನೇದೇ ಸರಿ ಅನ್ಸುತ್ತೆ. ಇದರಲ್ಲಿ ಗುಂಡಿ ಏನಾದ್ರೂ ಇದೆಯಾ?

ವೈ00_ಸ್ಕ್ರೂ:

ಮಾರೋರ ಮಾತು ಅರ್ಧ ನಿಜ. ಗೇಮ್ ಓಡೋ ವೇಗದಲ್ಲಿ ವಿ1, ವಿ2 ಎರಡೂ ಒಂದೇ. ಬೇರೆ ಆಗೋದು ಚಿಪ್ ವಿಚಾರದಲ್ಲಿ. 2017ರ ಮಾರ್ಚಲ್ಲಿ ಬಂದ ಮೊದಲ ಸ್ವಿಚ್‌ನಲ್ಲಿ 20 ನ್ಯಾನೊಮೀಟರಿನ ಟೆಗ್ರಾ ಎಕ್ಸ್1 ಇದೆ. 2019ರಲ್ಲಿ ಹೆಸರು ಬದಲಾಯಿಸದೆ ಬಂದ ವಿ2ನಲ್ಲಿ ಅದೇ ಚಿಪ್ 16 ನ್ಯಾನೊಮೀಟರಿಗೆ ಇಳಿದಿದೆ. ಅಷ್ಟೇ ಕೆಲಸಕ್ಕೆ ಕಮ್ಮಿ ವಿದ್ಯುತ್ತು, ಕಮ್ಮಿ ಬಿಸಿ. ಬ್ಯಾಟರಿ ಎರಡರಲ್ಲೂ 4310 ಎಂಎಎಚ್. ಆದರೂ ಕಂಪನಿಯೇ ಕೊಟ್ಟಿರೋ ಲೆಕ್ಕದಲ್ಲಿ ವಿ1 ಎರಡೂವರೆಯಿಂದ ಆರೂವರೆ ಗಂಟೆ, ವಿ2 ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತೆ. ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್ ಥರದ ಭಾರದ ಗೇಮಿಗೆ ವಿ1 ಸುಮಾರು 3 ಗಂಟೆ, ವಿ2 ಸುಮಾರು 5.5 ಗಂಟೆ. ಇದು ಹೊಸ ಬ್ಯಾಟರಿಯ ಲೆಕ್ಕ. ಇಷ್ಟು ವರ್ಷ ಹಳೆಯದಾದ ವಿ1 ಬ್ಯಾಟರಿ ಮೈಸೂರಲ್ಲಿ ಹೊರಟು ಕೆಂಗೇರಿ ಮುಟ್ಟೋ ಹೊತ್ತಿಗೆ ಕೈ ಎತ್ತಿರುತ್ತೆ.

ಗುರುತು ಹಿಡಿಯೋಕೆ ಮಾರೋರನ್ನ ಕೇಳಬೇಡಿ, ಯಂತ್ರವನ್ನೇ ನೋಡಿ. ಹಿಂಬದಿ ಕೆಳಗೆ ಸಣ್ಣ ಅಕ್ಷರದಲ್ಲಿ ಮಾಡೆಲ್ ಇರುತ್ತೆ. ಬರೀ ಎಚ್‌ಎಸಿ-001 ಅಂತಿದ್ದರೆ ವಿ1. ಎಚ್‌ಎಸಿ-001 ಆದಮೇಲೆ ಆವರಣದಲ್ಲಿ -01 ಅಂತಿದ್ದರೆ ವಿ2. ಸೀರಿಯಲ್ ನಂಬರ್ ಕೂಡ ಹೇಳುತ್ತೆ: ಎಕ್ಸ್‌ಎ ಇಂದ ಶುರುವಾದ್ರೆ ವಿ1, ಎಕ್ಸ್‌ಕೆ ಇಂದ ಶುರುವಾದ್ರೆ ವಿ2. ಎಚ್‌ಇಜಿ-001 ಓಎಲ್‌ಇಡಿ, ಎಚ್‌ಡಿಎಚ್-001 ಲೈಟ್ ಅನ್ನೋ ಚಿಕ್ಕ ಮಾಡೆಲ್. ವಿ2 ಪೆಟ್ಟಿಗೆಯ ಮುಂಭಾಗ ಪೂರ್ತಿ ಕೆಂಪು. ಆದರೆ ಪೆಟ್ಟಿಗೆಯನ್ನ ನಂಬಬೇಡಿ, ಸೆಕೆಂಡ್ ಹ್ಯಾಂಡ್ ಮಾಲಲ್ಲಿ ಪೆಟ್ಟಿಗೆ ಒಂದರದ್ದು, ಒಳಗಿರೋದು ಇನ್ನೊಂದು ಆಗಿರೋದು ಮಾಮೂಲು.

ನನ್ನ ಅಭಿಪ್ರಾಯ: ವಿ1ಗೂ ವಿ2ಗೂ ಎರಡು ಮೂರು ಸಾವಿರದ ಅಂತರ ಇದ್ದರೆ ಕಣ್ಣು ಮುಚ್ಚಿ ವಿ2.

ಅರಸುರೋಡ್_ಸಂಜೆ:

ಒಂದು ಸೇರಿಸ್ತೀನಿ. ಕೆಲವು ವಿ1ಗಳಿಗೆ ವಿ2ಗಿಂತ ಜಾಸ್ತಿ ಬೆಲೆ ಹೇಳ್ತಾರೆ, ಗಾಬರಿ ಆಗಬೇಡಿ. 2018ರ ಮಧ್ಯಕ್ಕಿಂತ ಮುಂಚೆ ತಯಾರಾದ ಯಂತ್ರಗಳಲ್ಲಿ ಬೂಟ್ ಆಗೋ ಮೊದಲ ಹಂತದಲ್ಲೇ ಒಂದು ದೋಷ ಇದೆ. ಅದು ಚಿಪ್‌ನಲ್ಲೇ ಕೆತ್ತಿರೋದು, ಅಪ್‌ಡೇಟಿಂದ ಮುಚ್ಚೋಕಾಗಲ್ಲ. ಅದರಿಂದ ಬೇರೆ ಸಾಫ್ಟ್‌ವೇರ್ ಹಾಕೋರಿಗೆ ಅದು ಬೇಕು. ಮಕ್ಕಳಿಗೆ ಕೊಡೋಕೆ ಹೊರಟೋರು ಆ ಹೆಚ್ಚುವರಿ ದುಡ್ಡು ಯಾಕೆ ಕೊಡಬೇಕು? ಅಲ್ಲದೆ ಅಂಥ ಯಂತ್ರ ಈಗಾಗಲೇ ಆನ್‌ಲೈನಿಂದ ನಿಷೇಧ ಆಗಿರೋ ಸಂಭವವೂ ಜಾಸ್ತಿ.

ಇನ್ನು ಭಾವನ ವಿಚಾರ. ಇಲ್ಲೇ ಇರೋದು ನಿಮ್ಮ ಗುಂಡಿ.

ಜಪಾನಲ್ಲಿ ಸ್ವಿಚ್ 2 ಎರಡು ಬಗೆಯಲ್ಲಿ ಮಾರಾಟ ಆಗುತ್ತೆ. ಬಿಡುಗಡೆಯಾದಾಗ 49,980 ಯೆನ್ ಇದ್ದದ್ದು 'ಜಪಾನೀ ಭಾಷೆ, ಜಪಾನಿಗೆ ಮಾತ್ರ' ಅನ್ನೋ ಯಂತ್ರ. 69,980 ಯೆನ್ ಇದ್ದದ್ದು ಎಲ್ಲ ಭಾಷೆಯದು. ನೀವು 'ಅಗ್ಗ' ಅಂತ ಕೇಳಿರೋದು ಮೊದಲನೇದು. ಅದರಲ್ಲಿ ಮೆನು ಭಾಷೆ ಜಪಾನೀ ಬಿಟ್ಟು ಬೇರೆ ಆಗಲ್ಲ. ಪ್ರದೇಶ ಜಪಾನ್ ಅಂತ ಇರೋ ನಿಂಟೆಂಡೊ ಅಕೌಂಟ್ ಮಾತ್ರ ಅದಕ್ಕೆ ಸೇರುತ್ತೆ. ಅಮೆರಿಕದ ಅಕೌಂಟಲ್ಲಿ ತಗೊಂಡ ಡಿಜಿಟಲ್ ಗೇಮ್ ಅದರಲ್ಲಿ ಬರಲ್ಲ. ಅಪ್‌ಡೇಟಲ್ಲಿ ಸರಿಹೋಗುತ್ತೆ ಅಂತ ಕಾಯಬೇಡಿ, ಬೇಕು ಅಂತಲೇ ಹಾಕಿರೋ ಬೀಗ ಅದು. ಎಲ್ಲ ಭಾಷೆಯ ಯಂತ್ರವನ್ನ ಅಲ್ಲಿ ನಿಂಟೆಂಡೊದ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಮಾರಿದ್ದು, ಬೀದಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ನುಗ್ಗಿ ತಗೊಂಡ್ರೆ ಕೈಗೆ ಬರೋದು ಬೀಗದ್ದೇ.

ಕುವೆಂಪುನಗರ_ಎಂ_ಬ್ಲಾಕ್:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಹಾಗಾದ್ರೆ ಓಎಲ್‌ಇಡಿಯನ್ನ ಜಪಾನಿಂದ ತರಿಸಿದ್ರೂ ಇದೇ ಗೋಳಾ?

ಅರಸುರೋಡ್_ಸಂಜೆ:

ಇಲ್ಲ. ಮೊದಲ ತಲೆಮಾರಿನ ಸ್ವಿಚ್, ಅಂದ್ರೆ ವಿ1, ವಿ2, ಲೈಟ್, ಓಎಲ್‌ಇಡಿ, ಜಪಾನಲ್ಲಿ ತಗೊಂಡ್ರೂ ಮೊದಲ ಸಲ ಆನ್ ಮಾಡಿದಾಗ ಇಂಗ್ಲಿಷ್ ಆರಿಸ್ಕೋಬಹುದು. ಯಾವ ಪ್ರದೇಶದ ಅಕೌಂಟ್ ಆದ್ರೂ ಸೇರುತ್ತೆ, ಯಾವ ದೇಶದ ಗೇಮ್ ಕಾರ್ಡ್ ಆದ್ರೂ ಓಡುತ್ತೆ. ಈ ಮಾತಿಗೆ ಹೊರತಾಗಿರೋದು ಚೀನಾ ಮಾರುಕಟ್ಟೆಗೆ ಟೆನ್ಸೆಂಟ್ ಮೂಲಕ ಮಾರಿದ ಯಂತ್ರ ಒಂದೇ. ಅದರ ಆನ್‌ಲೈನ್ ಅಂಗಡಿ ಬೇರೆಯದೇ ಆಗಿತ್ತು. ಹಿಂಬದಿ ಚೀನೀ ಅಕ್ಷರದ ಬರಹ ಇದ್ದರೆ ಬಿಟ್ಟುಬಿಡಿ.

ಗೇಮಿನ ಕಾರ್ಡ್ ಮಾತ್ರ ನೋಡಿ ತಗೊಳ್ಳಿ. ಜಪಾನೀ ಕಾರ್ಡುಗಳಲ್ಲಿ ನಿಂಟೆಂಡೊದ ಸ್ವಂತ ಗೇಮುಗಳಿಗೆ ಬಹುಪಾಲು ಇಂಗ್ಲಿಷ್ ಇರುತ್ತೆ, ಬೇರೆ ಕಂಪನಿಯವಕ್ಕೆ ಇರುತ್ತೆ ಅಂತ ಹೇಳೋಕಾಗಲ್ಲ. ಕಾರ್ಡನ್ನ ಇಲ್ಲೇ ತಗೊಳ್ಳೋದು ಕ್ಷೇಮ.

ಹಿನಕಲ್_ಹೀರೋಯಿನ್:

ಎಲ್ಲರೂ ಸೇರಿ ಸ್ವಿಚ್ 2 ಬಾಗಿಲು ಹಾಕ್ಬಿಡಬೇಡಿ ಸ್ವಾಮಿ. ಬೀಗದ್ದು ಬೇಡ, ಒಪ್ಪಿದೆ. ಎಲ್ಲ ಭಾಷೆಯದು ಸಿಕ್ಕಿದ್ರೆ ಲೆಕ್ಕವೇ ಬೇರೆ. 2025ರ ಜೂನ್ 5ಕ್ಕೆ ಬಂದ ಯಂತ್ರ ಇದು. 7.9 ಅಂಗುಲದ 1080ಪಿ ಪರದೆ, 120 ಹರ್ಟ್ಸ್, ಒಳಗೆ 256 ಜಿಬಿ. ಓಎಲ್‌ಇಡಿಯಲ್ಲಿ ಇರೋದು 7 ಅಂಗುಲ, 720ಪಿ, 64 ಜಿಬಿ. ಟಿವಿಗೆ ಹಾಕಿದ್ರೆ ಹಳೆಯವು 1080ಪಿಗೆ ನಿಲ್ತವೆ, ಸ್ವಿಚ್ 2 4ಕೆ ವರೆಗೂ ಹೋಗುತ್ತೆ.

ಹಳೆ ಗೇಮುಗಳೂ ಇದರಲ್ಲಿ ಓಡ್ತವೆ, ಕೆಲವಂತೂ ಹಳೆಯದಕ್ಕಿಂತ ಚೆನ್ನಾಗಿ. ಪೋಕೆಮಾನ್ ಸ್ಕಾರ್ಲೆಟ್, ವಯಲೆಟ್ ಹಳೆ ಯಂತ್ರದಲ್ಲಿ ತಡವರಿಸಿ ಬೈಸಿಕೊಂಡ ಗೇಮುಗಳು. ಸ್ವಿಚ್ 2ನಲ್ಲಿ ಉಚಿತ ಅಪ್‌ಡೇಟ್ ಆದಮೇಲೆ ನುಣ್ಣಗೆ ಓಡ್ತವೆ. ಮಾರಿಯೊ ಒಡಿಸಿಗೂ ಉಚಿತ ಅಪ್‌ಡೇಟ್ ಇದೆ. ಎರಡು ದೊಡ್ಡ ಜೆಲ್ಡಾಗಳ ಥರದ ಕೆಲವಕ್ಕೆ ಅಪ್‌ಗ್ರೇಡ್ ದುಡ್ಡು ಬೇರೆ. ಮಾರಿಯೊ ಕಾರ್ಟ್ ವರ್ಲ್ಡ್, ಡಾಂಕಿ ಕಾಂಗ್ ಬನಾನ್ಜಾ ಹಳೆ ಯಂತ್ರದಲ್ಲಿ ಬರೋದೇ ಇಲ್ಲ. 8 ವರ್ಷದ ಮಗು ಇನ್ನೂ ಐದಾರು ವರ್ಷ ಆಡುತ್ತೆ. ಈಗ ಓಎಲ್‌ಇಡಿ ತಗೊಂಡು ಎರಡು ವರ್ಷಕ್ಕೆ ಮತ್ತೆ ಸ್ವಿಚ್ 2 ತಗೊಳ್ಳೋದಾದ್ರೆ ದುಡ್ಡು ಉಳಿದ ಹಾಗೇನು ಬಂತು?

ವೈ00_ಸ್ಕ್ರೂ:

ಪರದೆಯ ಅಂಕಿ ಹೇಳಿದ್ರಿ, ಬಗೆ ಹೇಳಲಿಲ್ಲ. ಸ್ವಿಚ್ 2ನದು ಎಲ್‌ಸಿಡಿ. ಚಿತ್ರ ಬದಲಾಗೋ ವೇಗ ಸಾಲದು, ವೇಗದ ದೃಶ್ಯದಲ್ಲಿ ಅಂಚುಗಳು ಎಳೆದ ಹಾಗೆ ಮಸುಕಾಗ್ತವೆ. ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಯಾಗಿ ಕಾಣುತ್ತೆ. ಇವೆರಡರಲ್ಲೂ 2021ರ ಓಎಲ್‌ಇಡಿಯೇ ಮೇಲು. ಇನ್ನೊಂದು, ಅಪ್‌ಡೇಟ್ ಸಿಗದ ಹಳೆ ಗೇಮುಗಳು ಕೈಯಲ್ಲಿ ಹಿಡಿದು ಆಡೋವಾಗ 720ಪಿಗೆ ಅಂತಲೇ ಬರೆದವು. ಅದನ್ನ 1080ಪಿ ಪರದೆಗೆ ಒಂದೂವರೆ ಪಟ್ಟು ಹಿಗ್ಗಿಸಿದಾಗ ಅಕ್ಷರ, ಗೆರೆ ಎಲ್ಲ ಮೆತ್ತಗಾಗುತ್ತೆ.

ತೂಕವನ್ನೂ ನೋಡಿ. ಜಾಯ್‌ಕಾನ್ (ಎರಡು ಬದಿಗೆ ಸಿಗಿಸೋ ಕಂಟ್ರೋಲರ್) ಸೇರಿ ಸ್ವಿಚ್ 2 ಸುಮಾರು 534 ಗ್ರಾಂ, ಓಎಲ್‌ಇಡಿ 420 ಗ್ರಾಂ, ವಿ2 ಸುಮಾರು 398 ಗ್ರಾಂ. ದೊಡ್ಡವರಿಗೆ ಇದೇನೂ ಅಲ್ಲ. 8 ವರ್ಷದ ಕೈ ಅರ್ಧ ಗಂಟೆಯಲ್ಲಿ ಸೋತು ಯಂತ್ರ ತೊಡೆ ಮೇಲೆ ಇಳಿಯುತ್ತೆ, ಕತ್ತು ಬಗ್ಗುತ್ತೆ. ಬ್ಯಾಟರಿ 5220 ಎಂಎಎಚ್ ಇದ್ದರೂ ಕಂಪನಿಯ ಲೆಕ್ಕ 2ರಿಂದ ಆರೂವರೆ ಗಂಟೆ, ಅಂದ್ರೆ ಹತ್ತಿರಹತ್ತಿರ ವಿ1 ಮಟ್ಟ. ನಿಮ್ಮ ರೈಲಿನ ಲೆಕ್ಕಕ್ಕೆ ಓಎಲ್‌ಇಡಿ, ವಿ2 ಎರಡೂ ಅದಕ್ಕಿಂತ ಮುಂದೆ. ಓಎಲ್‌ಇಡಿಯಲ್ಲಿ ಇರೋದೂ ವಿ2 ಚಿಪ್ಪೇ, 4310 ಎಂಎಎಚ್ ಬ್ಯಾಟರಿಯೇ, ನಾಲ್ಕೂವರೆಯಿಂದ ಒಂಬತ್ತು ಗಂಟೆಯೇ.

ಹಿನಕಲ್_ಹೀರೋಯಿನ್:

ಮಸುಕಿನ ಮಾತು ಸರಿ. ಆದರೆ ಟಿವಿಗೆ ಹಾಕಿದಾಗ ಪರದೆ ಲೆಕ್ಕಕ್ಕೇ ಬರಲ್ಲವಲ್ಲ. ರೈಲಿಗೆ 20,000 ಎಂಎಎಚ್ ಪಿಡಿ (ವೇಗದ ಚಾರ್ಜಿನ) ಪವರ್‌ಬ್ಯಾಂಕ್ ಒಯ್ದರೆ ಬ್ಯಾಟರಿ ಚಿಂತೆನೂ ಮುಗೀತು. ಸ್ವಿಚ್ 2ಗೆ ಮೇಲೊಂದು, ಕೆಳಗೊಂದು ಯುಎಸ್‌ಬಿ-ಸಿ ಕಿಂಡಿ ಇದೆ, ಮೇಜಿನ ಮೇಲೆ ನಿಲ್ಲಿಸಿ ಆಡುವಾಗ ಮೇಲಿಂದ ಚಾರ್ಜ್ ಕೊಡಬಹುದು. ಹಳೆಯವಕ್ಕೆ ಕೆಳಗೊಂದೇ ಕಿಂಡಿ, ಮೇಜಿನ ಮೇಲೆ ನಿಲ್ಲಿಸಿದ್ರೆ ಚಾರ್ಜರ್ ಸಿಗಿಸೋಕೇ ಆಗಲ್ಲ.

ಸ್ವಿಚ್ 2 ತಗೊಳ್ಳೋರು ಈ ಖರ್ಚುಗಳನ್ನ ಮೊದಲೇ ಲೆಕ್ಕ ಹಾಕ್ಕೊಳ್ಳಿ, ಅದನ್ನ ಮುಚ್ಚಿಡಲ್ಲ. ಮೆಮೊರಿ ಕಾರ್ಡ್ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ಸೇ ಆಗಬೇಕು. ಹಳೆ ಮೈಕ್ರೊಎಸ್‌ಡಿಯಿಂದ ಫೋಟೊ, ವಿಡಿಯೊ ತೆಗೆದುಕೊಳ್ಳಬಹುದು, ಗೇಮ್ ಹಾಕೋಕಾಗಲ್ಲ. ಎಕ್ಸ್‌ಪ್ರೆಸ್ ಕಾರ್ಡ್ ಅಷ್ಟೇ ಜಿಬಿಯ ಮಾಮೂಲಿ ಕಾರ್ಡಿಗಿಂತ ತುಂಬಾ ದುಬಾರಿ. ಮಾರಿಯೊ ಕಾರ್ಟ್ ವರ್ಲ್ಡ್ ಒಂದೇ ಸುಮಾರು 22 ಜಿಬಿ, ದೊಡ್ಡ ಗೇಮುಗಳು 60 ದಾಟ್ತವೆ. ಹಳೆ ಡಾಕ್ (ಯಂತ್ರವನ್ನ ಕೂರಿಸಿ ಟಿವಿಗೆ ಜೋಡಿಸೋ ಪೀಠ) ಇದಕ್ಕೆ ಹೊಂದಲ್ಲ. ಹಳೆ ಜಾಯ್‌ಕಾನ್ ಬ್ಲೂಟೂತಲ್ಲಿ ಸೇರುತ್ತೆ, ಪಕ್ಕಕ್ಕೆ ಸಿಗಿಸೋಕಾಗಲ್ಲ, ಯಾಕಂದ್ರೆ ಹೊಸದು ಅಯಸ್ಕಾಂತದಲ್ಲಿ ಅಂಟೋದು. ರಿಂಗ್ ಫಿಟ್ ಅನ್ನೋ ವ್ಯಾಯಾಮದ ಗೇಮ್ ಆಡೋ ಆಸೆ ಇದ್ದರೆ ಹಳೆ ಜಾಯ್‌ಕಾನ್ ಜೋಡಿ ಬೇಕೇ ಬೇಕು, ಹೊಸದು ಆ ರಿಂಗಿಗೆ ಕೂರಲ್ಲ.

ಗೇಮ್ ಪೆಟ್ಟಿಗೆ ಮೇಲೆ 'ಗೇಮ್-ಕೀ ಕಾರ್ಡ್' ಅಂತ ಪಟ್ಟಿ ಇದೆಯಾ ನೋಡಿ. ಅದಿದ್ದರೆ ಕಾರ್ಡ್ ಒಳಗೆ ಗೇಮೇ ಇಲ್ಲ, ಬೀಗದ ಕೈ ಮಾತ್ರ. ಪೂರ್ತಿ ಗೇಮನ್ನ ಡೌನ್‌ಲೋಡ್ ಮಾಡಿಕೊಳ್ಳಬೇಕು, ಆಮೇಲೂ ಆಡುವಾಗ ಕಾರ್ಡ್ ಸಿಗಿಸಿರಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡಿರೋ ಮನೆಗೆ ಇದು ತಲೆನೋವು.

ಕಬ್ಬಿನಗದ್ದೆ_ಮಂಡ್ಯ:

ಎಲ್ಲಾರೂ ಪರದೆ ಪರದೆ ಅಂತೀರಿ, ಕರೆಂಟಿನ ಮಾತೇ ಯಾರೂ ಆಡ್ನಿಲ್ವಲ್ರಪ್ಪ. ನಮ್ ಕಡೆ ಕರೆಂಟು ಯಾವಾಗ್ ಹೋಯ್ತದೆ, ಯಾವಾಗ್ ಬತ್ತದೆ ಅಂತ ಹೇಳಕ್ಕಾಗಕಿಲ್ಲ. ಟಿವಿಗೆ ಹಾಕಿ ಆಡೋರು ಒಸಿ ಗ್ಯಾನ ಇಟ್ಕಳಿ.

ಹಳೆ ಸ್ವಿಚ್ಚಿನ ಅಡಾಪ್ಟರು 39 ವಾಟ್ಸು, 15 ವೋಲ್ಟು 2.6 ಆಂಪ್ಸು. ಡಾಕು ಟಿವಿಗೆ ಚಿತ್ರ ಕೊಡಬೇಕಾದ್ರೆ ಆ 15 ವೋಲ್ಟು ಬೇಕೇ ಬೇಕು. ಫೋನ್ ಚಾರ್ಜರು 5, 9 ವೋಲ್ಟಲ್ಲೇ ನಿಂತ್ಕತ್ತದೆ, ಯಂತ್ರ ನಿಧಾನುಕ್ಕೆ ಚಾರ್ಜ್ ಆಯ್ತದೆ, ಟಿವಿ ಮಾತ್ರ ಕಪ್ಪು. ಡಾಕು ಕೆಟ್ಟೋಗದೆ ಅಂತ ಮೂಲೆಗೆ ಹಾಕಿರೋ ಎಷ್ಟೋ ಡಾಕುಗಳಿಗೆ ರೋಗ ಇಷ್ಟೇಯಾ. ಸ್ವಿಚ್ 2 ಅಡಾಪ್ಟರು 60 ವಾಟ್ಸು, ಅದರ ಡಾಕಿಗೆ 20 ವೋಲ್ಟು ಬೇಕು. ಹಳೇ ಅಡಾಪ್ಟರು ಹೊಸಾ ಡಾಕಿಗೆ ಆಗಕಿಲ್ಲ.

ಕಮ್ಮಿ ಕಾಸಿಗೆ ಸಿಕ್ತದೆ ಅಂತ ಹೆಸರಿಲ್ದಿರೋ ಡಾಕು ಹಾಕ್ಬೇಡಿ. ಮೊದಲ ಸ್ವಿಚ್ಚಲ್ಲಿ ಚಾರ್ಜಿಂಗ್ ನೋಡ್ಕಳೋ ಐಸಿ ಅದ್ರಿಂದ ಸುಟ್ಟೋಗೋದುಂಟು. ಅಡಾಪ್ಟರ್ ಮೇಲೆ 100–240 ವೋಲ್ಟು ಅಂತ ಬರ್ದಿದ್ರೆ ಜಪಾನಿನದ್ದಾದ್ರೂ ನಮ್ಮ 230ಕ್ಕೆ ನಡೀತದೆ, ಪಿನ್ನಿಗೆ ಒಂದು ಕನ್ವರ್ಟರ್ ಸಾಕು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಕ್ಕೋಗಿ ದುಡ್ಡು ಕಳೀಬೇಡಿ. ಸ್ಪೈಕ್ ಗಾರ್ಡ್ ಇರ್ಲಿ. ಏಪ್ರಿಲ್, ಮೇನಲ್ಲಿ ಗುಡುಗು ಮಳೆ ಶುರುವಾದ್ರೆ ಎಚ್‌ಡಿಎಂಐ ವೈರೂ ಕಿತ್ತಿಡಿ, ಕೇಬಲ್ ಟಿವಿ ವೈರ್ ಕಡೆಯಿಂದ್ಲೂ ಹೊಡೀತದೆ. ಕರೆಂಟು ಹೋದ್ರೆ ಹೆದರ್ಕಬೇಡಿ, ಯಂತ್ರದಲ್ಲಿ ಬ್ಯಾಟರಿ ಐತಲ್ಲ, ಡಾಕಿಂದ ಎತ್ಕಂಡು ಕೈಯಲ್ಲಿ ಆಡ್ಕಳಿ.

ಸ್ವಿಚ್ 2 ಯಾವಾಗ್ಲೂ ಡಾಕಲ್ಲೇ ಕೂತಿರೋ ಮನೆಗೆ ಒಂದ್ ಒಳ್ಳೇದು ಐತೆ: ಸೆಟ್ಟಿಂಗ್ಸಲ್ಲಿ 90 ಪರ್ಸೆಂಟಿಗೆ ಚಾರ್ಜ್ ನಿಲ್ಸೋ ಆಯ್ಕೆ. ಹಾಕ್ಬುಡಿ. ಹಳೆಯವಕ್ಕೆ ಅದಿಲ್ಲ.

ಮೇಲುಕೋಟೆ_ಪುಳಿಯೋಗರೆ:

ಲೈಟ್ ಬಗ್ಗೆ ಯಾರೂ ಹೇಳಲಿಲ್ಲ. 275 ಗ್ರಾಂ, ಮಕ್ಕಳ ಕೈಗೆ ಹಗುರ, ಎಲ್ಲಕ್ಕಿಂತ ಅಗ್ಗ.

ವೈ00_ಸ್ಕ್ರೂ:

ಟಿವಿಗೆ ಹಾಕೋಕಾಗಲ್ಲ, ಡಾಕಲ್ಲಿಟ್ಟರೂ ಆಗಲ್ಲ. ಕೇಳಿದವರ ಭಾನುವಾರ ಅಲ್ಲಿಗೇ ಮುಗೀತು. ಕೋಲು (ಬೊಂಬೆ ನಡೆಸೋ ಜಾಯ್‌ಸ್ಟಿಕ್) ಕೆಟ್ಟರೆ ಇಡೀ ಯಂತ್ರ ಬಿಚ್ಚಬೇಕು, ಬೇರೆಯವುಗಳಲ್ಲಿ ಜಾಯ್‌ಕಾನ್ ಬದಲಾಯಿಸಿದರೆ ಆಯ್ತು. ಒಬ್ಬರೇ ಆಡೋ ಮನೆಗಾದರೆ ಲೈಟ್ ಸರಿ.

ಕುವೆಂಪುನಗರ_ಎಂ_ಬ್ಲಾಕ್:

ಕೋಲು ಕೆಡೋದು ಅಂದ್ರಿ, ಈ ಡ್ರಿಫ್ಟ್ ಅನ್ನೋದು ಹೊಸ ಮಾಡೆಲಲ್ಲಿ ಸರಿಹೋಗಿದೆಯಾ? ಇಲ್ಲೇ ಯಾರಾದ್ರೂ ರಿಪೇರಿ ಮಾಡ್ತಾರಾ, ಇಲ್ಲ ಮನೇಲೇ ಮಾಡ್ಕೋಬಹುದಾ?

ವೈ00_ಸ್ಕ್ರೂ:

ಸರಿಹೋಗಿಲ್ಲ. ವಿ1ನಿಂದ ಸ್ವಿಚ್ 2 ವರೆಗೆ ಎಲ್ಲದರ ಕೋಲಿನಡಿಯೂ ಇಂಗಾಲದ ಪಟ್ಟಿ ಮೇಲೆ ಲೋಹದ ಚಿಕ್ಕ ಕೈ ಉಜ್ಜೋ ರೀತಿಯೇ ಇರೋದು. ಪಟ್ಟಿ ಸವೆದಂತೆ, ಪುಡಿ ಕೂತಂತೆ, ಕೋಲು ಮುಟ್ಟದೇ ಇದ್ದರೂ ಬೊಂಬೆ ತಾನಾಗೇ ನಡೆಯೋಕೆ ಶುರುಮಾಡುತ್ತೆ. ಸ್ವಿಚ್ 2ರಲ್ಲಿ ಕೋಲು ದೊಡ್ಡದಾಗಿದೆ, ಆಡಿಸೋಕೆ ಹಿತ. ಆದರೆ ಅದೂ ಅಯಸ್ಕಾಂತದ ಹಾಲ್ ಸೆನ್ಸರ್ ಅಲ್ಲ.

ಮೊದಲು ರೋಗ ಅದೇನಾ ನೋಡಿ. ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್, ಅದರಲ್ಲಿ ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್. ಕೋಲು ಒತ್ತಿದರೆ ಪರದೆ ಮೇಲೆ ವೃತ್ತ, ನಡುವೆ ಗುರುತು ಬರುತ್ತೆ. ಕೈ ಬಿಟ್ಟಾಗ ಗುರುತು ನಡುವೆ ನಿಲ್ಲಬೇಕು, ನಾಲ್ಕೂ ದಿಕ್ಕಿಗೆ ತಳ್ಳಿದಾಗ ಅಂಚು ಮುಟ್ಟಬೇಕು. ಅಲ್ಪಸ್ವಲ್ಪ ಸರಿದಿದ್ದರೆ ಅಲ್ಲೇ ಕ್ಯಾಲಿಬ್ರೇಟ್ ಮಾಡಿದರೆ ಸಾಕು. ಕೈ ಬಿಟ್ಟಾಗಲೂ ಗುರುತು ನಡುಗುತ್ತಿದ್ದರೆ ಪಟ್ಟಿ ಸವೆದಿದೆ. ಕೋಲಿನ ಸುತ್ತಲ ರಬ್ಬರ್ ಲಂಗ ಎತ್ತಿ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ತೊಟ್ಟು ಬಿಟ್ಟು ತಿರುಗಿಸಿದರೆ ಕೆಲವು ದಿನ ತಗ್ಗುತ್ತೆ, ಮತ್ತೆ ಬರುತ್ತೆ. ಬಾಗಿಲ ಕೀಲಿಗೆ ಹೊಡೆಯೋ ಎಣ್ಣೆ ಸ್ಪ್ರೇ ಹೊಡೀಬೇಡಿ, ಎಣ್ಣೆಗೆ ಧೂಳು ಅಂಟಿ ಇನ್ನೂ ಹಾಳು.

ಹಳೆ ಜಾಯ್‌ಕಾನಿನ ಕೋಲು ಬದಲಾಯಿಸೋದು ಮನೇಲಿ ಆಗೋ ಕೆಲಸ. ಬೇಕಾದದ್ದು ಮೂರು ಕಾಲಿನ ವೈ00 ಸ್ಕ್ರೂಡ್ರೈವರ್, ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಮೀಟುಗೋಲು, ಚಿಮುಟ. ಹಿಂಬದಿ ನಾಲ್ಕು ವೈ00 ಸ್ಕ್ರೂ ಬಿಚ್ಚಿ. ಸ್ಕ್ರೂಡ್ರೈವರ್ ಮೇಲೆ ಭಾರ ಹಾಕಿ ಒತ್ತಿ ತಿರುಗಿಸಿ, ಸಡಿಲ ಹಿಡಿದರೆ ತಲೆ ಸವೆದು ಆಮೇಲೆ ಡ್ರಿಲ್ಲೇ ಗತಿ. ರೈಲ್ ಇಲ್ಲದ ಬದಿಯಿಂದ ಮೀಟಿ, ಪುಸ್ತಕದ ಹಾಗೆ ತೆರೀರಿ. ರೈಲ್ ಬದಿಗೆ ಪಟ್ಟಿ ಕೇಬಲ್ ಇದೆ, ಜೋರಾಗಿ ಎಳೆದರೆ ಹರಿಯುತ್ತೆ. ಬ್ಯಾಟರಿ ಕನೆಕ್ಟರ್ ಮೊದಲು ತೆಗೀರಿ. ಬ್ಯಾಟರಿ ಕೂತಿರೋ ಪ್ಲಾಸ್ಟಿಕ್ ಚೌಕಟ್ಟಿನ ಮೂರು ಸ್ಕ್ರೂ ಬಿಚ್ಚಿ ಅದನ್ನ ಮಗುಚಿ, ಝಡ್‌ಎಲ್ ಗುಂಡಿಯ ಕೇಬಲ್ ಅದಕ್ಕೇ ಸೇರಿರುತ್ತೆ, ಪೂರ್ತಿ ಎತ್ತಬೇಡಿ. ಕೋಲಿನ ಕೇಬಲ್ ಸಿಕ್ಕಿಸಿರೋ ಕಡೆ ಚಿಕ್ಕ ಚಿಲಕ ಇದೆ, ಅದನ್ನ ಉಗುರಲ್ಲಿ ಮೇಲಕ್ಕೆ ಎತ್ತಿದ ಮೇಲೇ ಕೇಬಲ್ ಎಳೀರಿ. ಹತ್ತರಲ್ಲಿ ಎಂಟು ಜನ ಹಾಳುಮಾಡೋದು ಈ ಚಿಲಕವನ್ನೇ. ಎರಡು ಸ್ಕ್ರೂ ಬಿಚ್ಚಿದರೆ ಕೋಲು ಈಚೆಗೆ. ಹೊಸದು ಹಾಕೋದಾದರೆ ಹಾಲ್ ಸೆನ್ಸರಿನದ್ದೇ ಹಾಕಿ, ಉಜ್ಜೋ ಭಾಗವೇ ಇಲ್ಲ ಅದರಲ್ಲಿ. ಮುಚ್ಚಿದ ಮೇಲೆ ಕ್ಯಾಲಿಬ್ರೇಟ್ ಮಾಡಲೇಬೇಕು.

ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತೆ, ಇಲ್ಲ ಆನ್‌ಲೈನಲ್ಲಿ ತರಿಸಬಹುದು. ನಿಂಟೆಂಡೊಗೆ ಭಾರತದಲ್ಲಿ ಅಧಿಕೃತ ಸರ್ವಿಸ್ ಇಲ್ಲದ ಕಾರಣ, ಬಿಚ್ಚಿ ಕಟ್ಟೋಕೆ ಸುಲಭ ಇರೋ ಹಳೆ ಯಂತ್ರ ನಮಗೆ ಹೊಂದುತ್ತೆ. ವಿ1, ವಿ2ಗಳಲ್ಲಿ ಮೆಮೊರಿ ಕಾರ್ಡ್ ಕಿಂಡಿ ಬೇರೆ ಬೋರ್ಡಲ್ಲಿದೆ, ಗೇಮ್ ಕಾರ್ಡ್ ಕಿಂಡಿಯೂ ಬೇರೆ. ಸ್ವಿಚ್ 2ರಲ್ಲಿ ಬ್ಯಾಟರಿಯನ್ನ ಗಟ್ಟಿ ಅಂಟಲ್ಲಿ ಕೂರಿಸಿದ್ದಾರೆ, ಬಿಡಿಭಾಗವೂ ವಿರಳ. ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡೋ ಐಫಿಕ್ಸಿಟ್‌ನವರು ಅದಕ್ಕೆ ಕೊಟ್ಟದ್ದು 10ಕ್ಕೆ 3.

ಹಿನಕಲ್_ಹೀರೋಯಿನ್:

ರಿಪೇರಿ ವಿಚಾರದಲ್ಲಿ ವಾದ ಇಲ್ಲ, ಅಲ್ಲಿ ಸ್ವಿಚ್ 2 ಸೋತಿದೆ.

ಅರಸುರೋಡ್_ಸಂಜೆ:

ಊರಲ್ಲೇ ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದ್ರೆ ದುಡ್ಡು ಕೊಡೋ ಮುಂಚೆ ಅಲ್ಲೇ ಕೂತು ಇಷ್ಟು ನೋಡಿ. ಮಾರೋರ ಮನೆಯಲ್ಲೇ ನೋಡಿ, ಟಿವಿ ಇರುತ್ತೆ. ಕಾಫಿ ಅಂಗಡಿಯಲ್ಲಿ ಡಾಕ್ ಪರೀಕ್ಷೆ ಆಗಲ್ಲ.

ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಇ-ಶಾಪ್ (ನಿಂಟೆಂಡೊದ ಆನ್‌ಲೈನ್ ಗೇಮ್ ಅಂಗಡಿ) ತೆರೀರಿ. 2124-4508 ಅನ್ನೋ ಎರರ್ ಬಂದ್ರೆ ಆ ಯಂತ್ರವನ್ನ ನಿಂಟೆಂಡೊ ನಿಷೇಧಿಸಿದೆ. ಆನ್‌ಲೈನ್ ಆಟ ಇಲ್ಲ, ಡಿಜಿಟಲ್ ಖರೀದಿ ಇಲ್ಲ. ನಿಷೇಧ ಇರೋದು ಯಂತ್ರಕ್ಕೆ, ಫಾರ್ಮ್ಯಾಟ್ ಮಾಡಿದ್ರೂ ಹೋಗಲ್ಲ. ಸ್ವಿಚ್ 2 ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಗೇಮ್-ಕೀ ಕಾರ್ಡಿನವೂ ಡೌನ್‌ಲೋಡ್ ಆಗಲ್ಲ.

ಆಮೇಲೆ ಚಾರ್ಜರನ್ನ ಎರಡೂ ಮಗ್ಗುಲಲ್ಲಿ ತಿರುಗಿಸಿ ಸಿಗಿಸಿ. ಒಂದೇ ಮಗ್ಗುಲಲ್ಲಿ ಚಾರ್ಜ್ ಆದ್ರೆ ಕಿಂಡಿಯ ಪಿನ್ ಬಗ್ಗಿದೆ. ಯುಎಸ್‌ಬಿ-ಸಿ ಮೀಟರ್ ಇದ್ದರೆ ಒಯ್ಯಿರಿ: ಅಸಲಿ ಅಡಾಪ್ಟರ್ ಹಾಕಿದ ಕೆಲವೇ ಸೆಕೆಂಡಲ್ಲಿ 5ರಿಂದ 15 ವೋಲ್ಟಿಗೆ ಏರಬೇಕು. 5ರಲ್ಲೇ ಕೂತರೆ ಮಂಡ್ಯದವರು ಹೇಳಿದ ಐಸಿ ಮೇಲೆ ಅನುಮಾನ.

ಯಂತ್ರವನ್ನ ಚಪ್ಪಟೆ ಮೇಜಿನ ಮೇಲಿಟ್ಟು ಬದಿಯಿಂದ ನೋಡಿ. ಹಿಂಬದಿ ಉಬ್ಬಿದ್ರೆ, ಪರದೆ ಅಂಚು ಎದ್ದಿದ್ರೆ ಬ್ಯಾಟರಿ ಊದಿದೆ, ಮಾತಾಡದೆ ಎದ್ದು ಬನ್ನಿ. ಗೇಮ್ ಕಾರ್ಡ್ ಹಾಕಿ ತೆಗೀರಿ, ಮೆಮೊರಿ ಕಾರ್ಡ್ ಹಾಕಿ ತೆಗೀರಿ. ಎರಡೂ ಜಾಯ್‌ಕಾನ್ ಸಿಗಿಸಿದಾಗ ಚಾರ್ಜ್ ಗುರುತು ಬರುತ್ತಾ ನೋಡಿ, ಬರದೇ ಇದ್ದರೆ ರೈಲ್ ಕೆಟ್ಟಿದೆ.

ಕೊನೆಗೆ ಮಾರೋರ ಕೈಲೇ ಸಿಸ್ಟಮ್, ಫಾರ್ಮ್ಯಾಟಿಂಗ್ ಆಪ್ಶನ್ಸ್, ಇನಿಶಿಯಲೈಜ್ ಕನ್ಸೋಲ್ ಮಾಡಿಸಿ. ಪೋಷಕರ ಪಿನ್ ಹಾಕಿದ್ದರೆ ಅದು ಅಲ್ಲೇ ಕೇಳುತ್ತೆ, ಮನೆಗೆ ಬಂದಮೇಲೆ ಫೋನ್ ಮಾಡಿ ಪಿನ್ ಕೇಳೋ ಫಜೀತಿ ತಪ್ಪುತ್ತೆ.

ಮೇಲುಕೋಟೆ_ಪುಳಿಯೋಗರೆ:

ಒಂದು ಪ್ರಶ್ನೆ. ಈಗ ಓಎಲ್‌ಇಡಿ ತಗೊಂಡು ಮುಂದೆ ಸ್ವಿಚ್ 2ಗೆ ಹೋದ್ರೆ ಆಡಿದ ಆಟದ ಸೇವ್ ಎಲ್ಲ ಹೋಗುತ್ತಾ? ಮೆಮೊರಿ ಕಾರ್ಡ್ ತೆಗೆದಿಟ್ಕೊಂಡ್ರೆ ಸಾಕಾ?

ಹಿನಕಲ್_ಹೀರೋಯಿನ್:

ಸಾಲದು. ಮೆಮೊರಿ ಕಾರ್ಡಲ್ಲಿ ಇರೋದು ಡೌನ್‌ಲೋಡ್ ಮಾಡಿದ ಗೇಮ್, ಫೋಟೊ, ವಿಡಿಯೊ ಅಷ್ಟೇ. ಸೇವ್ ಯಾವಾಗಲೂ ಯಂತ್ರದ ಒಳಗಿನ ಮೆಮೊರಿಯಲ್ಲಿ. ಹಳೆಯದನ್ನ ಮಾರೋ ಮುಂಚೆ ಎರಡೂ ಯಂತ್ರ ಅಕ್ಕಪಕ್ಕ ಇಟ್ಟು, ಇಂಟರ್ನೆಟ್ ಕೊಟ್ಟು ಸಿಸ್ಟಮ್ ಟ್ರಾನ್ಸ್‌ಫರ್ ಮಾಡಬೇಕು. ಆನ್‌ಲೈನ್ ಸದಸ್ಯತ್ವ ಇದ್ದರೆ ಕ್ಲೌಡಿಗೂ (ನಿಂಟೆಂಡೊದ ಸರ್ವರ್) ಸೇವ್ ಹೋಗುತ್ತೆ, ಆದರೆ ಪೋಕೆಮಾನ್ ಥರದ ಕೆಲವು ಗೇಮಿಗೆ ಆ ಸೌಲಭ್ಯ ಇಲ್ಲ. ಯಂತ್ರ ನೀರಿಗೆ ಬಿದ್ದರೆ ಆ ಸೇವ್ ಹೋದ ಹಾಗೆಯೇ.

ಹಳೆ ಯಂತ್ರಕ್ಕೆ ದುಬಾರಿ ಮೆಮೊರಿ ಕಾರ್ಡ್ ತಗೋಬೇಡಿ. ಅದು ಓದೋದು ಯುಎಚ್‌ಎಸ್-1 ವೇಗದಲ್ಲೇ, ಸೆಕೆಂಡಿಗೆ 60ರಿಂದ 95 ಎಂಬಿ ಅಂತ ಬರೆದಿರೋ ಕಾರ್ಡ್ ಸಾಕು. ಕಾರ್ಡ್ ನಕಲಿಯಾ ಅಂತ ಮಾತ್ರ ಕಂಪ್ಯೂಟರಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪರೀಕ್ಷೆ ಪ್ರೋಗ್ರಾಂ ಹಾಕಿ ಪೂರ್ತಿ ತುಂಬಿಸಿ ನೋಡಿ.

ಕುವೆಂಪುನಗರ_ಎಂ_ಬ್ಲಾಕ್:

ಸರಿ, ಜಪಾನಿಂದ ಓಎಲ್‌ಇಡಿ ತರಿಸೋದು ಅಂತ ತೀರ್ಮಾನ. ಮಕ್ಕಳು ಕೇಳ್ತಿರೋದು ಮಾರಿಯೊ ಕಾರ್ಟ್ 8, ಕಿರ್ಬಿ, ಪೋಕೆಮಾನ್. ಎಲ್ಲ ಅದರಲ್ಲೇ ಬರುತ್ತೆ. ಭಾವನಿಗೆ ಏನೇನು ಹೇಳಿ ಕಳಿಸಲಿ?

ಹಿನಕಲ್_ಹೀರೋಯಿನ್:

ಈ ಮೂರು ಗೇಮಿಗಾದರೆ ನನ್ನ ತಕರಾರಿಲ್ಲ. ಪೋಕೆಮಾನ್ ಸ್ಕಾರ್ಲೆಟ್ಟೇ ಬೇಕು ಅಂದ್ರೆ ಅದು ಅಲ್ಲಲ್ಲಿ ತಡವರಿಸುತ್ತೆ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ಅರಸುರೋಡ್_ಸಂಜೆ:

ಪೆಟ್ಟಿಗೆ ಮೇಲೆ ಎಚ್‌ಇಜಿ ಅಂತ ಶುರುವಾಗೋ ನಂಬರ್ ಇರಬೇಕು ಅಂತ ಹೇಳಿ. ತಗೊಂಡ ದಿನವೇ ಅಲ್ಲೇ ಆನ್ ಮಾಡಿ ಭಾಷೆ ಇಂಗ್ಲಿಷ್ ಇಟ್ಟು ಪರದೆ ನೋಡಲಿ, ಪೂರ್ತಿ ಬಿಳಿ ಚಿತ್ರದಲ್ಲಿ ಕಪ್ಪು ಚುಕ್ಕಿ, ಪೂರ್ತಿ ಕಪ್ಪಲ್ಲಿ ಹೊಳೆಯೋ ಚುಕ್ಕಿ. ವಾಪಸ್ ಕೊಡೋಕೆ ಅಲ್ಲಿದ್ದಾಗ ಮಾತ್ರ ಸಾಧ್ಯ. ಬಿಲ್ ಕೈಸಾಮಾನಲ್ಲಿ ಇರಲಿ, ಯಂತ್ರವೂ ಅಷ್ಟೇ, ಲಿಥಿಯಂ ಬ್ಯಾಟರಿ ಇರೋದನ್ನ ಚೆಕ್-ಇನ್ ಸೂಟ್‌ಕೇಸಿಗೆ ಹಾಕದಿರೋದೇ ಒಳ್ಳೇದು.

ಅಕೌಂಟನ್ನ ಇಲ್ಲಿ ಬಂದಮೇಲೆ ಮಾಡಿ. ಇ-ಶಾಪಲ್ಲಿ ಭಾರತ ಪ್ರದೇಶ ಇಲ್ಲ, ಅಮೆರಿಕ ಅಂತ ಇಟ್ಟು ಅದೇ ಪ್ರದೇಶದ ಇ-ಶಾಪ್ ಕೋಡ್ ತಗೊಂಡು ತುಂಬಿಸೋದು ರೂಢಿ. ನಮ್ಮ ಬ್ಯಾಂಕ್ ಕಾರ್ಡ್ ಅಲ್ಲಿ ಬಹಳ ಸಲ ತಿರಸ್ಕಾರ ಆಗುತ್ತೆ. ಕೋಡಿನ ಪ್ರದೇಶ ಅಕೌಂಟಿನ ಪ್ರದೇಶ ಒಂದೇ ಇರಬೇಕು, ಇಲ್ಲದಿದ್ರೆ ಕೋಡ್ ಹಿಡಿಯಲ್ಲ.

ವೈ00_ಸ್ಕ್ರೂ:

ಓಎಲ್‌ಇಡಿ ಪರದೆ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿರೋ ತೆಳು ಹಾಳೆ ಇರುತ್ತೆ. ಗಾಜು ಒಡೆದರೆ ಚೂರು ಹಾರದಿರಲಿ ಅಂತ ಹಾಕಿರೋದು. ಸಾಗಣೆಯ ಪ್ಲಾಸ್ಟಿಕ್ ಅಂದುಕೊಂಡು ಕಿತ್ತುಬಿಡ್ತಾರೆ, ಕೀಳಬೇಡಿ. ಟೆಂಪರ್ಡ್ ಗ್ಲಾಸನ್ನ ಅದರ ಮೇಲೆಯೇ ಅಂಟಿಸಿ. ವಿ2ಗೆ ಅಂತ ಇರೋ ಗ್ಲಾಸ್ ಇದಕ್ಕೆ ಚಿಕ್ಕದಾಗುತ್ತೆ, 6.2 ಅಂಗುಲದ್ದು ಅದು.

ಸ್ಕ್ರೀನ್ ಬರ್ನ್-ಇನ್ (ಒಂದೇ ಚಿತ್ರ ನಿಂತು ಪರದೆಯಲ್ಲಿ ಕಲೆ ಉಳಿಯೋದು) ತಗ್ಗಿಸೋ ಸೆಟ್ಟಿಂಗ್ ಮೊದಲಿಂದಲೂ ಆನ್ ಇರುತ್ತೆ, ಹಾಗೇ ಬಿಡಿ. ಪರೀಕ್ಷೆ ಕಾಲದಲ್ಲಿ ಬೀರುವಿಗೆ ಹಾಕಿ ಬೀಗ ಹಾಕೋರು ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಮಾಡಿ ಆಫ್ ಮಾಡಿಡಿ, ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಕೊಡಿ. ಪೂರ್ತಿ ಬರಿದಾದ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಕಬ್ಬಿನಗದ್ದೆ_ಮಂಡ್ಯ:

ಜಪಾನಿನ ಅಡಾಪ್ಟರಿಗೆ ಎರಡು ಚಪ್ಪಟೆ ಪಿನ್ನು, ಒಸಿ ಭಾರ ಬೇರೆ. ಗೋಡೆ ಬೋರ್ಡಿಗೆ ಕನ್ವರ್ಟರ್ ಹಾಕಿ ಅದುಕ್ಕೆ ಸಿಗ್ಸಿದ್ರೆ ಭಾರಕ್ಕೆ ಜೋತ್ಬಿದ್ದು ಸಡಿಲ ಆಯ್ತದೆ, ಒಳಗೆ ಕಿಡಿ ಹಾರ್ತದೆ, ಟಿವಿ ಚಿತ್ರ ಬಂದೂ ಬಂದೂ ಹೋಯ್ತದೆ. ಸ್ಪೈಕ್ ಗಾರ್ಡನ್ನ ನೆಲದ ಮೇಲೆ ಮಟ್ಟಸವಾಗಿ ಮಲಗ್ಸಿ, ಅದ್ರ ಮೇಲೆ ಕನ್ವರ್ಟರ್ ಕೂರ್ಸಿ, ಅಡಾಪ್ಟರು ಮೇಲಿಂದ ಇಳಿಯಂಗೆ ಸಿಗ್ಸಿ.